ಬದುಕಿದ್ದವರ ಫೋಟೊಕ್ಕೆ ಹಾರ

ಪರದೆಯ ಮೇಲೆ ಮತ್ತೆ ಕೆಂಪಕ್ಷರ ಸುರಿಯಿತು.

“ಹೋತು!” ಅಕೀಬ ಕೀಬೋರ್ಡಿನಿಂದ ಕೈ ಎತ್ತಿದ. “ಮತ್ತ ನಿಂತ್ಕೊಂತ್ರಿ ಅಕ್ಕಾರ.”

“ಈಗೇನಂತದು?”

“ಮುತ್ತು ಕೆಲಸಾ ಮಾಡಿದ್ದು ಹಳೇ ವರ್ಷನ್‌ನ್ಯಾಗ್ರಿ. ನನ್ನ ಮಷೀನಿನ್ಯಾಗ ಇರೂದು ಹೊಸಾದು. ಎರಡಕ್ಕೂ ಜಗಳಾ. ಹಳೇದನ್ನ ಇಳಿಸ್ಕೊಂಡು ಮತ್ತ ಮೊದಲಿಂದ ಶುರು ಮಾಡ್ಬೇಕು.”

ಶಾಂಭವಿ ಕುರ್ಚಿಯಿಂದ ಎದ್ದಳು. ಕುಳಿತದ್ದೇ ಈಗ, ಎದ್ದದ್ದೂ ಈಗ. ಸೊಲ್ಲಾಪುರ ರಸ್ತೆಯ ಅಕೀಬನ ಆ ಇಕ್ಕಟ್ಟಿನ ಕಂಪ್ಯೂಟರ್ ಅಂಗಡಿಯಲ್ಲಿ ಓಡಾಡಲು ಜಾಗವಾದರೂ ಎಲ್ಲಿತ್ತು? ಬಾಗಿಲಿಗೆ ಹೋಗುವುದು, ಪಕ್ಕದ ಮೋಟರ್ ರಿವೈಂಡಿಂಗ್ ಅಂಗಡಿಯತ್ತ ಒಮ್ಮೆ ನೋಡುವುದು, ತಿರುಗಿ ಬಂದು ಅಕೀಬನ ಹೆಗಲ ಹಿಂದೆ ನಿಲ್ಲುವುದು. ಬೆಳಿಗ್ಗೆಯಿಂದ ಇದೇ ಆಗಿತ್ತು. ಅವಳ ಕಾಲಿಗೆ ಯಾರೋ ಚಕ್ರ ಕಟ್ಟಿಬಿಟ್ಟಿದ್ದರು.

ತಿಕೋಟಾದ ದ್ರಾಕ್ಷಿ ಒಣಗಿಸುವ ಮಣೂಕ ಶೆಡ್ಡಿನಲ್ಲಿ ಬೆಳೆಗಾರರ ಸಂಘದ ವೆಬ್‌ಸೈಟು ಮಾಡುತ್ತಿದ್ದ ಮುತ್ತು ತಲೆಯೊಡೆದು ಬಿದ್ದವನು ಇನ್ನೂ ಕಣ್ಣು ತೆರೆದಿರಲಿಲ್ಲ, ಅವನ ಲ್ಯಾಪ್‌ಟಾಪು ಮಾಯವಾಗಿತ್ತು, ಹೊಡೆದವನು ನೀನೇ ಎಂದು ಪೊಲೀಸರು ಅವನ ಗೆಳೆಯ ರಾಜಾರಾಮನನ್ನು ಹಿಡಿದು ಒಳಗೆ ಹಾಕಿದ್ದರು.

ಆ ರಾಜಾರಾಮನ ತಂಗಿ ಆಮ್ರಪಾಲಿ ಈಗ ಅಂಗಡಿಯ ಮೂಲೆಯಲ್ಲಿ, ಪ್ರಿಂಟರಿನ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಜೈನಾಪುರದ ಪಂಚಾಯ್ತಿ ಲೈಬ್ರರಿಯಲ್ಲಿ ಕೆಲಸ. ಇವತ್ತು ರಜೆ ಹಾಕಿ, ಮೊದಲ ಬಸ್ಸಿಗೇ ಬಂದಿದ್ದಳು. ಅಕೀಬ ತರಿಸಿದ ಚಹಾ ಅವಳ ಕೈಯಲ್ಲೇ ಕೆನೆಗಟ್ಟಿತ್ತು.

“ಮೇಡಂ, ಮಧ್ಯಾಹ್ನ ಪಂಚನಾಮೆ ಮಾಡಾಕ ಅಣ್ಣನ್ನ ಶೆಡ್ಡಿಗೆ ಕರಕೊಂಡು ಹೋಗ್ತಾರಂತ. ಅಲ್ಲಿಂದ ಸೀದಾ ಜಡ್ಜ್ ಮುಂದ ನಿಂದರಸ್ತಾರಂತ. ಒಂದ್ಸಲ ಜೈಲಿಗೆ ಹಾಕಿದ್ರ ಆಮ್ಯಾಲೆ ನಮ್ಮ ಮಾತ ಯಾರ ಕೇಳ್ತಾರ್ರಿ?”

“ಗೊತ್ತೈತಿ ಆಮ್ರಪಾಲಿ. ಅದಕ್ಕs ಬಡಕೊಳ್ಳಾಕತ್ತೀನಿ.”

ಅಂದಳೇನೋ. ಆದರೆ ಶಾಂಭವಿ ಪತ್ತೇದಾರಿಣಿ ಎಂಬುದು ಬೋರ್ಡಿನ ಮಾತು. ವರ್ಷವಿಡೀ ಅವಳು ಮಾಡುವುದು ವರ ನೋಡುವ ಕೆಲಸ. ಹುಡುಗ ಕುಡಿಯುತ್ತಾನೋ ಇಲ್ಲವೋ, ಹೇಳಿದ ನೌಕರಿ ನಿಜವೋ ಸುಳ್ಳೋ, ಮೊದಲೊಂದು ಸಂಸಾರ ಎಲ್ಲಾದರೂ ಇದೆಯೋ. ಅದರಲ್ಲಿ ಅವಳನ್ನು ಮೀರಿಸುವವರು ಜಿಲ್ಲೆಯಲ್ಲಿ ಇಲ್ಲ. ಆದರೆ ಒಬ್ಬ ನಿರಪರಾಧಿಯ ಜೀವ ತನ್ನ ಕೈಯಲ್ಲಿದೆ ಎಂದರೆ ಯಾರಿಗಾದರೂ ನಿದ್ದೆ ಬರುತ್ತದೆಯೇ?

ಇದ್ದ ಒಂದೇ ದಾರಿ ಈ ಕಂಪ್ಯೂಟರು. ಲ್ಯಾಪ್‌ಟಾಪು ಹೋದರೂ ಮುತ್ತುನ ಕೆಲಸ ಹೋಗಿರಲಿಲ್ಲ. ಅರ್ಧ ಮಾಡಿದ್ದನ್ನೂ ಆಗಾಗ ನೆಟ್ಟಿನ ಖಾತೆಗೆ ಕಳಿಸಿಡುವುದು ಅವನ ರೂಢಿ. ಸಂಘದ ಫೋಟೊ ತೆಗೆಯುತ್ತಿದ್ದ ರಾಜಾರಾಮನಿಗೂ ಆ ಕೆಲಸದಲ್ಲಿ ಪಾಲಿತ್ತು. ಅವನ ಪಾಸ್‌ವರ್ಡು ಆಮ್ರಪಾಲಿಗೆ ಬಾಯಿಪಾಠ. ಅದರಿಂದಲೇ ಒಳಗೆ ಹೊಕ್ಕು ಅಕೀಬ ಇಡೀ ಗಂಟನ್ನು ತನ್ನ ಮಷೀನಿಗೆ ಇಳಿಸಿಕೊಂಡಿದ್ದ. ಮುತ್ತು ಬಿದ್ದ ದಿನ ತನ್ನ ಮುಂದೆ ಏನು ತೆರೆದಿಟ್ಟುಕೊಂಡಿದ್ದನೋ ಅದನ್ನು ಹಾಗೆಯೇ ಇಲ್ಲಿ ತೆರೆಯಬೇಕು ಎಂಬುದು ಶಾಂಭವಿಯ ಹಟ.

ಆದರೆ ಇಳಿಸಿದ ಮಾತ್ರಕ್ಕೆ ಅದು ಓಡಬೇಕಲ್ಲ! ಒಂದು ಸಾಮಾನು ಹಾಕಿದರೆ ಇನ್ನೊಂದು ಬೇಕೆನ್ನುತ್ತಿತ್ತು. ಅದನ್ನು ಹಾಕಿದರೆ ಮೊದಲಿನದು ಮುನಿಸಿಕೊಳ್ಳುತ್ತಿತ್ತು. ನಡುವೆ ಕರೆಂಟು ಹೋಗಿ ಬಂತು. ಹಳೆಯ ವರ್ಷನ್ನು ಇಳಿಯುವ ತನಕ ಶಾಂಭವಿ ಬಾಗಿಲಿಗೂ ಟೇಬಲ್ಲಿಗೂ ಎಷ್ಟು ಸಲ ತಿರುಗಿದಳೋ ದೇವರೇ ಬಲ್ಲ.

“ಅಕ್ಕಾರ, ಒಂದ್ ಕಡೆ ಕುಂದರ್ರಿ. ನನ್ನ ತಲಿ ತಿರಗಾಕತ್ತೈತಿ.”

“ನೀ ಪರದೆ ನೋಡು, ನನ್ನ ಯಾಕ ನೋಡ್ತಿ?”

ಈ ಸಲ ಕೆಂಪಕ್ಷರ ಬರಲಿಲ್ಲ. ಬದಲಿಗೆ, ಮಷೀನಿನೊಳಗೆ ವೆಬ್‌ಸೈಟು ತೆರೆಯಬೇಕಾದ ಜಾಗವನ್ನು ಬೇರೆ ಯಾವುದೋ ಪ್ರೋಗ್ರಾಮು ಹಿಡಿದಿದೆ ಎಂಬ ತಕರಾರು ಬಂತು. ಅಕೀಬ ಹಣೆ ಚಚ್ಚಿಕೊಂಡ. ಅವನ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರೇ ಆ ಜಾಗ ಹಿಡಿದು ಕೂತಿತ್ತು. ಅದನ್ನು ಮುಚ್ಚಿ ಮತ್ತೆ ಓಡಿಸಿದ. ಬ್ರೌಸರು ತೆರೆದುಕೊಂಡಿತು. ಹಸಿರು ಗೊನೆಗಳ ಚಿತ್ರ, ಮೇಲೆ ದಪ್ಪಕ್ಷರದಲ್ಲಿ ‘ಹಸಿರುಗೊನೆ ದ್ರಾಕ್ಷಿ ಬೆಳೆಗಾರರ ಸಂಘ, ತಿಕೋಟಾ’.

ಮೂವರೂ ಬಗ್ಗಿದರು.

ಶಾಂಭವಿ ಒಂದೊಂದೇ ಪುಟ ನೋಡಿದಳು. ನೋಡುತ್ತ ನೋಡುತ್ತ ಮುಖ ಸಪ್ಪಗಾಯಿತು.

“ಇದೆಲ್ಲಾ ನಾ ನಿನ್ನಿ ರಾತ್ರಿ ಮೊಬೈಲಿನ್ಯಾಗ ನೋಡಿದ್ದ ಐತಲ್ಲೋ. ಹೊಸಾದು ಏನೂ ಇಲ್ಲ.”

“ಮತ್ತ ಇಷ್ಟೊತ್ತ ಮಾಡಿದ್ದು ಯಾಕ್ರಿ?” ಎಂದಳು ಆಮ್ರಪಾಲಿ.

“ತಡೀರಿ, ತಡೀರಿ.” ಅಕೀಬ ಫೋಲ್ಡರುಗಳನ್ನು ಕೆದಕುತ್ತಿದ್ದ. “ಇಲ್ಲೊಂದು ಪುಟಾ ಐತಿ, ಅದರ ನೆತ್ತಿ ಮ್ಯಾಲೆ ಡ್ರಾಫ್ಟ್ ಅಂತ ಬರದಾನ. ಅಂದ್ರ ಇನ್ನೂ ಮುಗಿದಿಲ್ಲ ಅಂತ. ಹಂಗ ಬರದಿದ್ದು ಹೊರಗ ಯಾರಿಗೂ ಕಾಣಂಗಿಲ್ರಿ. ಮಾಡಾಂವನ ಮಷೀನಿನ್ಯಾಗ ಅಷ್ಟ ಕಾಣತೈತಿ, ಅದೂ ಕೇಳಿದ್ರ ಮಾತ್ರ.”

“ಹೊರಗ ಅಂದ್ರ?” ಆಮ್ರಪಾಲಿ ಕೇಳಿದಳು.

“ಅಡಗಿ ಮನ್ಯಾಗ ಸಾರಿನ ರುಚಿ ನೋಡ್ತೀರಲ್ರಿ, ಹಂಗ ಇದು. ಪಂಕ್ತಿಗೆ ಬಡಸೂದು ಆಮ್ಯಾಲೆ. ಈ ಡ್ರಾಫ್ಟ್ ಅನ್ನೂ ಒಂದ ಪದಾ ಅಳಿಸಿ ಕಳಿಸಿಬಿಟ್ರ ಮುಗೀತು, ಜಗತ್ತಿಗೇ ಕಾಣತೈತಿ. ಅಲ್ಲೀತನಕ ಇಲ್ಲಷ್ಟ.”

ಅಕೀಬ ಡ್ರಾಫ್ಟುಗಳನ್ನೂ ತೋರಿಸು ಎಂದು ಆಜ್ಞೆ ಸೇರಿಸಿ ಮತ್ತೆ ಓಡಿಸಿದ. ಪುಟ ತೆರೆಯಿತು. ಮೊದಲು ಹೆಸರು ಬಂತು. ‘ಶ್ರೀ ಸಂಗನಬಸವ ಸಾವ್ಕಾರರು, ಅಧ್ಯಕ್ಷರು.’ ಆಮೇಲೆ ಫೋಟೊ, ನೆತ್ತಿಯಿಂದ ಕೆಳಗೆ ಇಳಿಯುತ್ತ ಇಳಿಯುತ್ತ ಪೂರ್ತಿ ಕಂಡಿತು.

“ಯಾ ಅಲ್ಲಾ!” ಅಕೀಬ ಕುರ್ಚಿಯನ್ನೇ ಹಿಂದಕ್ಕೆ ತಳ್ಳಿದ.

ಫೋಟೊದ ಸುತ್ತ ಚೆಂಡುಹೂವಿನ ದಪ್ಪ ಹಾರ. ಎರಡೂ ಬದಿಗೆ ಉರಿಯುವ ದೀಪ. ಕೆಳಗೆ, ‘ಸದಾ ನಮ್ಮ ನೆನಪಿನಲ್ಲಿ’.

“ಸಾವ್ಕಾರ್ರು ಜೀವಂತ ಅದಾರಲ್ರಿ!” ಆಮ್ರಪಾಲಿ ಬಾಯಿಗೆ ಕೈ ಹಿಡಿದಳು. “ಬದುಕಿದ್ದವರಿಗೆ ಹಾರ ಹಾಕ್ಯಾನ?”

ಅಕೀಬ ಪಟಪಟನೆ ಇನ್ನೊಂದು ಪುಟ ತೆರೆದ. ಸಂಘ ಕಟ್ಟಿದ ದಿವಂಗತ ಶಂಕ್ರೆಪ್ಪನವರ ಪುಟ. ಅದೇ ಹಾರ, ಅದೇ ದೀಪ, ಅದೇ ಸಾಲು.

“ಎಲಾ ಮುತ್ತು! ಶಂಕ್ರೆಪ್ಪನವರ ಪುಟಾನ ನಕಲು ತಗೊಂಡಾನ. ಹೆಸರ ಬದಲಿಸ್ಯಾನ, ಫೋಟೊ ಬದಲಿಸ್ಯಾನ. ಹಾರ ತೆಗಿಯೂದು ಬಾಕಿ ಇತ್ತು. ನಾವೆಲ್ಲಾ ಹಿಂಗ ಮಾಡ್ತೀವ್ರಿ. ಮೊದಲಿಂದ ಯಾರ ಬರೀತಾರ?”

“ಯಾವತ್ತ ಮಾಡಿದ್ದಿದು?”

“ಬಿದ್ದ ದಿನಾ ಮಧ್ಯಾಹ್ನ ಕಳಸ್ಯಾನ. ಇದ ಕಡೀದು.”

ಬೆಳಿಗ್ಗೆಯಿಂದ ಮೊದಲ ಸಲ ಶಾಂಭವಿಯ ಕಾಲು ನಿಂತವು.

ನಿನ್ನೆ ದವಾಖಾನೆಯ ವರಾಂಡದಲ್ಲಿ ಸಂಗನಬಸವ ಸಾವ್ಕಾರರು ಎದುರಾಗಿದ್ದರು. ಮುತ್ತುನನ್ನು ನೋಡಲು ಹಣ್ಣು ಹಿಡಿದು ಬಂದವರು ಅಯ್ಯೋ ಪಾಪ ಎನ್ನುವುದು ಬಿಟ್ಟು ಗೊಣಗಿದ್ದರು. ‘ಹುಡುಗ ಚಲೋನ ಇದ್ದ, ಖರೇ. ಆದ್ರ ನನ್ನ ಫೋಟೊಕ್ಕ ಹಾರ ಹಾಕಿ ವೆಬ್‌ಸೈಟಿಗೆ ಬಿಟ್ಟಾನ್ರಿ! ಜಿಲ್ಲಾಕ್ಕೆಲ್ಲಾ ನಾ ಸತ್ತಂಗ ಆತು.’ ಶಾಂಭವಿ ರಾತ್ರಿ ಮೊಬೈಲಿನಲ್ಲಿ ಹುಡುಕಿ, ಅಂಥ ಪುಟವೇ ಇಲ್ಲದ್ದು ಕಂಡು, ಮುದುಕರು ಏನೋ ತಪ್ಪು ತಿಳಿದಿದ್ದಾರೆ ಎಂದು ಬಿಟ್ಟುಬಿಟ್ಟಿದ್ದಳು.

ಅವರು ತಪ್ಪು ತಿಳಿದದ್ದು ಹೌದು. ಆದರೆ ಹಾರದ ವಿಷಯದಲ್ಲಲ್ಲ.

“ಅಕೀಬ, ಈ ಪುಟಾ ಇಲ್ಲೀತನಕ ಯಾರ ಮೊಬೈಲಿನ್ಯಾಗೂ ಕಂಡಿಲ್ಲಂತ ಖಾತ್ರಿ ಹೇಳ್ತೀಯೇನು?”

“ಕುರಾನ್ ಮ್ಯಾಲೆ ಕೈ ಇಟ್ಟ ಹೇಳ್ತೀನ್ರಿ. ಇದನ್ನ ನೋಡ್ಬೇಕಂದ್ರ ಮುತ್ತುನ ಲ್ಯಾಪ್‌ಟಾಪಿನ ಮುಂದ ನಿಂದರಬೇಕು. ಬ್ಯಾರೆ ಹಾದಿ ಇಲ್ಲ.”

“ಅಂದ್ರ ಸಾವ್ಕಾರ್ರು ಅವತ್ತ ಮಧ್ಯಾಹ್ನದ ಮ್ಯಾಲೆ ಶೆಡ್ಡಿನ್ಯಾಗ ಇದ್ದರು!”

ಮುದುಕರು ಪೊಲೀಸರ ಮುಂದೆ ಹೇಳಿದ್ದೇ ಬೇರೆ. ಇಡೀ ದಿನ ಬಬಲೇಶ್ವರದಲ್ಲಿ, ಮೊಮ್ಮಗಳ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ಇದ್ದೆ ಎಂದು. ಲ್ಯಾಪ್‌ಟಾಪಿನಲ್ಲಿ ಕಂಡದ್ದೆಲ್ಲ ಊರಿಗೇ ಕಂಡಿರುತ್ತದೆ ಎಂದು ನಂಬಿದ್ದರಿಂದಲೇ ಆ ಮಾತನ್ನು ಅಷ್ಟು ನಿರಾಳವಾಗಿ ಆಡಿಬಿಟ್ಟಿದ್ದರು.

ಆಮ್ರಪಾಲಿ ಎದ್ದು ನಿಂತಿದ್ದಳು. ಕಣ್ಣು ತುಂಬಿತ್ತು. “ಮೇಡಂ, ಇದನ್ನ ಎಲ್ಲಾರಿಗೂ ತೋರಸ್ರಿ. ಈಗಿಂದೀಗ.”

“ತೋರಸೂನವ್ವಾ, ಮೊದಲ ಪಿಎಸ್ಐ ಸಾಹೇಬ್ರಿಗೆ. ಅಕೀಬ, ಮಷೀನ್ ಹಿಂಗ ಇರ್ಲಿ.” ಶಾಂಭವಿ ಆಗಲೇ ಬಾಗಿಲಲ್ಲಿದ್ದಳು. ಯಾಕೆ ಹಾಗೆಯೇ ಇರಬೇಕು ಎಂದು ಬಿಡಿಸಿ ಹೇಳುವ ವ್ಯವಧಾನ ಅವಳಿಗಿರಲಿಲ್ಲ. ಸ್ಕೂಟಿಯ ಕೀಲಿ ಕೈಯಲ್ಲಿ, ತಲೆಯೆಲ್ಲ ತಿಕೋಟಾದಲ್ಲಿ.

ಊರು ದಾಟುವ ಮೊದಲೇ ಬಬಲೇಶ್ವರದ ರುದ್ರವ್ವನಿಗೆ ಫೋನು ಹಚ್ಚಿದಳು. ವರ ನೋಡುವ ಕೆಲಸದಲ್ಲಿ ಆ ಭಾಗಕ್ಕೆ ಇವಳ ಕಣ್ಣು, ಕಿವಿ ಎಲ್ಲ ರುದ್ರವ್ವನೇ.

“ಅತ್ತಿ, ಸಾವ್ಕಾರ್ರ ಮೊಮ್ಮಗಳ ಕುಬಸಕ್ಕ ಹೋಗಿದ್ದಿಲ್ಲ? ಸಾವ್ಕಾರ್ರು ಕಡೀತನಕ ಇದ್ದರೇನು?”

“ಕುಬಸದಾಗ ಗಂಡಸರನ್ನ ಯಾರ ನೋಡ್ತಾರ ಬೇ? ಸೀರಿ ನೋಡ್ತೀವಿ, ಬಳಿ ನೋಡ್ತೀವಿ. ಬಂದ್ರು, ಹೋಳಿಗಿ ಉಂಡ್ರು. ಆಮ್ಯಾಲೆ ಹೊರಗ ಪೆಂಡಾಲದಾಗ ಇದ್ದರೋ, ಎದ್ದ ಹೋದರೋ, ಶಿವಗ ಗೊತ್ತು.”

“ಆರತಿ ಟೈಮಿಗೆ?”

“ಆರತಿಗೆ ಅಜ್ಜನ್ನ ಕರೀರಿ, ಮೊಮ್ಮಗಳು ಕಾಲ ಬೀಳ್ತಾಳ ಅಂತ ಕೂಗಿದ್ರು. ಕಾರ ತಗೊಂಡ ಎಲ್ಲೋ ಹೋಗ್ಯಾರ, ಬರ್ತಾರ ಅಂದ್ರಪಾ ಯಾರೋ. ಯಾಕ ಬೇ? ಅವರ ಮನ್ಯಾಗ ಯಾರ್ದರ ಲಗ್ನ ಐತೇನು?”

ಶಾಂಭವಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಎಂಥ ಚೆಂದದ ನೆಪ! ನೂರು ಜನ ಸೇರಿದ ಮನೆ, ಆದರೆ ಒಬ್ಬ ಗಂಡಸನ್ನೂ ಯಾರೂ ಗಮನಿಸದ ಕಾರ್ಯಕ್ರಮ. ಇದ್ದರೆಂದೂ ಹೇಳಬಹುದು, ಇಲ್ಲವೆಂದೂ ಹೇಳಬಹುದು. ನ್ಯಾಯಾಲಯದಲ್ಲಿ ಇದು ನಿಲ್ಲುವುದಿಲ್ಲ. ಹಾರ ಮಾತ್ರ ನಿಲ್ಲುತ್ತದೆ.

ತಿಕೋಟಾದ ದಾರಿಯುದ್ದಕ್ಕೂ ಬಿಸಿಗಾಳಿ. ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರು ಎಳೆಯುತ್ತ ರಸ್ತೆಯನ್ನೆಲ್ಲ ತುಂಬಿಕೊಂಡು ಹೋಗುತ್ತಿತ್ತು. ಶಾಂಭವಿ ಹಾರ್ನು ಹೊಡೆದೂ ಹೊಡೆದೂ ಬೆರಳು ನೋಯಿಸಿಕೊಂಡಳು. ಜಾಗ ಸಿಕ್ಕ ಕೂಡಲೇ ಸ್ಕೂಟಿ ನುಗ್ಗಿಸಿದಳು. ಟ್ರ್ಯಾಕ್ಟರಿನವನು ಏನೋ ಬೈದದ್ದು ಕೇಳಿಸಿತು, ಬೈಯಲಿ.

ಶೆಡ್ಡಿನ ಮುಂದೆ ಪೊಲೀಸ್ ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ, ಪೇದೆಯ ಪಕ್ಕ, ರಾಜಾರಾಮ. ಗಡ್ಡ ಬೆಳೆದಿತ್ತು. ತುಟಿ ಒಡೆದಿತ್ತು. ಶಾಂಭವಿಯನ್ನು ಕಂಡವನೇ ಮುಂದಕ್ಕೆ ಬಾಗಿದ.

“ಮೇಡಂ, ನಮ್ಮ ತಂಗಿ ಹೆಂಗದಾಳ್ರಿ? ಉಂಡಾಳೇನ್ರಿ?”

ಇವನ ಸ್ಥಿತಿ ಹೀಗಿದೆ, ಇವನು ಕೇಳುವುದು ತಂಗಿಯ ಊಟ! ಶಾಂಭವಿ ಜೀಪಿನ ಕಡೆಗೆ ಬಗ್ಗಿದಳು. “ಆರಾಮದಾಳ. ಇನ್ನೊಂದ ಗಳಿಗಿ ತಡಿಯೋ ರಾಜಾರಾಮ,” ಎಂದು ಮಾತ್ರ ಹೇಳಿ ಒಳಗೆ ನಡೆದಳು.

ಶೆಡ್ಡೆಂದರೆ ಗೋಡೆಯಿಲ್ಲದ ದೊಡ್ಡ ಚಪ್ಪರ. ಒಂದರ ಮೇಲೊಂದು ಬಲೆ ಬಿಗಿದ ಅಟ್ಟಗಳು, ಅವುಗಳ ಮೇಲೆ ಒಣಗಲು ಹರವಿದ ದ್ರಾಕ್ಷಿ. ಅರ್ಧ ಹಸಿರು, ಅರ್ಧ ಹೊಂಬಣ್ಣ. ಹುಳಿಸಿಹಿ ವಾಸನೆಗೆ ಜೇನುನೊಣ ಮುತ್ತಿದ್ದವು. ಮುತ್ತು ಬಿದ್ದ ಮೂಲೆಯಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಪಿಎಸ್ಐ ಮಲ್ಲಿನಾಥ ಪಂಚರಿಬ್ಬರ ಸಹಿ ಹಾಕಿಸುತ್ತಿದ್ದ. ಅಟ್ಟದ ಕಂಬಕ್ಕೆ ಒರಗಿ ಶೆಡ್ಡಿನ ವಾಚ್‌ಮನ್ ಮಾಳು ನಿಂತಿದ್ದ. ಒಳಗೆ ಹೋದದ್ದು ರಾಜಾರಾಮನೊಬ್ಬನೇ ಎಂದು ಸಾಕ್ಷಿ ನುಡಿದವನು ಇವನೇ. ಸಾವ್ಕಾರರ ಹೊಲದಲ್ಲಿ ಬೆಳೆದ ಮನುಷ್ಯ. ಶಾಂಭವಿಯನ್ನು ಕಂಡು ಕಣ್ಣು ತಪ್ಪಿಸಿದ.

ಸಂಗನಬಸವ ಸಾವ್ಕಾರರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹಣೆ ತುಂಬ ವಿಭೂತಿ, ಮಡಿಕೆ ಮುರಿಯದ ಬಿಳಿ ಅಂಗಿ.

“ಬರ್ರಿ ಬರ್ರಿ, ಪತ್ತೇದಾರ ಬಾಯಾರು ಬಂದ್ರು. ಮಾಳು, ಅವರಿಗೊಂದು ಕುರ್ಚಿ ಹಾಕೋ.”

“ಕುಂದರಾಕ ಬಂದಿಲ್ರಿ ಸಾವ್ಕಾರ್ರ. ಒಂದ ಮಾತ ಕೇಳಾಕ ಬಂದೀನಿ. ನಿನ್ನಿ ದವಾಖಾನ್ಯಾಗ ನಿಮ್ಮ ಫೋಟೊಕ್ಕ ಹಾರ ಹಾಕಿದ ಮಾತ ಹೇಳಿದ್ರಿ.”

ಸಾವ್ಕಾರರ ಮುಖ ಕಹಿಯಾಯಿತು. “ಹೇಳಿದ್ನಿ. ಸುಳ್ಳೇನದರಾಗ? ಎದಿ ಆಪರೇಶನ್ ಆಗಿ ಈಗರ ಎದ್ದ ತಿರಗಾಕತ್ತೀನಿ. ಜೀವಂತ ಇದ್ದಾಂವನ ಫೋಟೊಕ್ಕ ಹಾರ! ದೀಪ ಬ್ಯಾರೆ! ನಮ್ಮನಿ ಹೆಣ್ಮಗಳು ನೋಡಿದ್ರ ಎದಿ ಒಡಕೊಂಡು ಸಾಯ್ತಿದ್ಲು. ಅಪಶಕುನ ಅಂದ್ರ ಇನ್ನ ಹೆಂಗಿರತೈತ್ರಿ?”

“ಸಿಟ್ಟ ಬಂದಿರಬೇಕು.”

“ಬರಂಗಿಲ್ಲೇನ್ರಿ? ನಿಮ್ಮ ಫೋಟೊಕ್ಕ ಹಾಕಿದ್ರ ನಿಮಗ ಬರಂಗಿಲ್ಲ?”

“ಬರತೈತ್ರಿ, ಖರೇನ ಬರತೈತಿ.” ಶಾಂಭವಿ ದನಿ ಇಳಿಸಿದಳು. “ಅದನ್ನ ಎಲ್ಲೆ ನೋಡಿದ್ರಿ?”

“ವೆಬ್‌ಸೈಟಿನ್ಯಾಗ.”

“ಅದ ಖರೆ. ಯಾವುದರಾಗ? ಮೊಬೈಲಿನ್ಯಾಗೋ, ಲ್ಯಾಪ್‌ಟಾಪಿನ್ಯಾಗೋ?”

ಸಾವ್ಕಾರರು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು. “ಮೊಬೈಲಿನ್ಯಾಗ.”

“ಎಂದು?”

“ಅವತ್ತ. ಕುಬಸದ ಪೆಂಡಾಲದಾಗ ಕುಂತು ನೋಡಿದ್ನಿ. ಏನ್ರಿ ಇದು, ವಕೀಲರಂಗ ಕೇಳಾಕತ್ತೀರಿ?”

“ಸಾಹೇಬ್ರ, ಇದನ್ನ ಬರಕೋರಿ,” ಎಂದಳು ಶಾಂಭವಿ.

ಮಲ್ಲಿನಾಥನ ಪೆನ್ನು ನಿಂತಿತು. ಅವನು ಕೆಟ್ಟ ಮನುಷ್ಯನಲ್ಲ. ಆದರೆ ಎದುರಿಗೆ ಸುಲಭದ ಆರೋಪಿ ಕೂತಿರುವಾಗ ಕಷ್ಟದವನನ್ನು ಹುಡುಕಿಕೊಂಡು ಹೋಗುವ ಉತ್ಸಾಹ ಅವನಲ್ಲಿ ಕಡಿಮೆ. “ಏನಾತ್ರಿ ಮೇಡಂ?”

“ಆ ಪುಟಾ ವೆಬ್‌ಸೈಟಿನ್ಯಾಗ ಇಲ್ಲೀತನಕ ಬಂದೇ ಇಲ್ಲ ಸಾಹೇಬ್ರ. ಮುತ್ತು ಅದನ್ನ ಅವತ್ತ ಮಧ್ಯಾಹ್ನ ಇಲ್ಲೇ ಕುಂತು ಮಾಡಾಕತ್ತಿದ್ದ. ಹಳೇ ಪುಟದ ನಕಲು ತಗೊಂಡಿದ್ದ, ಹಾರ ತೆಗಿಯೂದು ಉಳದಿತ್ತು. ಅದು ಅವನ ಲ್ಯಾಪ್‌ಟಾಪಿನ್ಯಾಗ ಬಿಟ್ಟು ಜಗತ್ತಿನ್ಯಾಗ ಎಲ್ಲೂ ಕಾಣತಿದ್ದಿಲ್ಲ. ಬಬಲೇಶ್ವರದ ಪೆಂಡಾಲದಾಗ ಕುಂತ ಮನಿಷಾಗ ಹೆಂಗ ಕಂಡೀತು?”

ಮಾಳು ಕಂಬ ಬಿಟ್ಟು ನೆಟ್ಟಗಾದ. ಸಾವ್ಕಾರರ ವಿಭೂತಿಯ ಕೆಳಗೆ ಬೆವರು ಒಡೆಯಿತು.

“ಲ್ಯಾಪ್‌ಟಾಪ್ ನೋಡಿದವರು ಶೆಡ್ಡಿಗೆ ಬಂದಿದ್ರು. ಬಂದವರು ಬಂದಿಲ್ಲ ಅಂತ ಸುಳ್ಳ ಹೇಳ್ಯಾರ. ಆ ಲ್ಯಾಪ್‌ಟಾಪ್ ಈಗ ಎಲ್ಲೈತಿ ಸಾವ್ಕಾರ್ರ?”

“ಏ ತಂಗಿ, ಬಾಯಿಗೆ ಬಂದಂಗ...” ಸಾವ್ಕಾರರ ಮಾತು ತೊದಲಿತು. “ನಾ... ವೆಬ್‌ಸೈಟಿನ್ಯಾಗs...”

ಮಲ್ಲಿನಾಥ ಪೆನ್ನು ಜೇಬಿಗೆ ಸಿಕ್ಕಿಸಿದ. ಅವನ ಕಣ್ಣಲ್ಲಿ ಮೊದಲ ಸಲ ಪೊಲೀಸನ ಹೊಳಪು ಕಂಡಿತು. “ಸಾವ್ಕಾರ್ರ, ಒಂದ ನಿಮಿಷ. ಜಗಳಾ ಯಾಕ? ಈಗ ನೋಡೇ ಬಿಡೂಣು.” ಮೊಬೈಲು ತೆಗೆದು ಸಂಘದ ವೆಬ್‌ಸೈಟಿನಲ್ಲಿ ಅಧ್ಯಕ್ಷರ ಹೆಸರು ಹುಡುಕಿದ.

ಶೆಡ್ಡಿನಲ್ಲಿ ನೆಟ್‌ವರ್ಕು ಅಷ್ಟಕ್ಕಷ್ಟೆ. ಪರದೆಯ ಮೇಲೆ ಚಕ್ರ ಗುಂಡಗೆ ತಿರುಗುತ್ತಲೇ ಇತ್ತು. ಜೀಪಿನಿಂದ ರಾಜಾರಾಮ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಶಾಂಭವಿಯ ಎದೆ ಹಗುರಾಗಿತ್ತು. ಮುಗಿಯಿತು, ಇವತ್ತು ಸಂಜೆ ಅಣ್ಣ ತಂಗಿ ಒಂದೇ ಬಸ್ಸಿನಲ್ಲಿ ಜೈನಾಪುರಕ್ಕೆ ಹೋಗುತ್ತಾರೆ ಎಂದುಕೊಂಡಳು.

ಮಲ್ಲಿನಾಥ ಪರದೆ ನೋಡಿದ. ಹುಬ್ಬು ಗಂಟಿಕ್ಕಿದ. ಇನ್ನೊಮ್ಮೆ ನೋಡಿ, ಮಾತಾಡದೆ ಮೊಬೈಲನ್ನು ಶಾಂಭವಿಯ ಕಡೆಗೆ ತಿರುಗಿಸಿದ.

ಚೆಂಡುಹೂವಿನ ಹಾರ. ಎರಡು ದೀಪ. ‘ಸದಾ ನಮ್ಮ ನೆನಪಿನಲ್ಲಿ.’

ಇದು ಅಕೀಬನ ಮಷೀನಲ್ಲ, ಪಿಎಸ್ಐಯ ಮೊಬೈಲು. ಪುಟದ ತಲೆಯ ಮೇಲೆ ತಾರೀಖು ಬೇರೆ ಇತ್ತು, ಮುತ್ತು ತನ್ನ ಕೈಯಾರೆ ಬರೆದಿಟ್ಟ ತಾರೀಖು. ಅವನು ಬಿದ್ದ ದಿನದ್ದು.

“ಅವತ್ತಿಂದ ಐತಲ್ರಿ ಮೇಡಂ ಇದು,” ಎಂದ ಮಲ್ಲಿನಾಥ.

“ಇಲ್ಲ ಸಾಹೇಬ್ರ! ನಿನ್ನಿ ರಾತ್ರಿ ನಾನ ನೋಡೀನಿ. ಇದ್ದಿಲ್ಲ. ಆ ತಾರೀಖ ಪುಟದ ಒಳಗ ಬರದಿದ್ದು, ವೆಬ್‌ಸೈಟಿಗೆ ಏರಿದ ತಾರೀಖಲ್ಲ...”

“ನೀವು ಸರಿಯಾಗಿ ನೋಡಿರಲಿಕ್ಕಿಲ್ಲ ಬಿಡ್ರಿ.”

ಸಾವ್ಕಾರರು ಎದ್ದು ಬಂದು ಮೊಬೈಲಿಗೆ ಬಗ್ಗಿದರು. ಅವರ ಮುಖಕ್ಕೆ ರಕ್ತ ಮರಳಿ ಬಂದದ್ದು ಶಾಂಭವಿಗೆ ಕಣ್ಣಾರೆ ಕಂಡಿತು. ಯಾವ ಹಾರಕ್ಕೆ ಅಪಶಕುನವೆಂದು ಕುದಿದಿದ್ದರೋ ಅದೇ ಹಾರವನ್ನು ನೋಡಿ ನಿಟ್ಟುಸಿರು ಬಿಟ್ಟರು.

“ನೋಡ್ರಿ ಸಾಹೇಬ್ರ! ನಾ ಏನ್ ಹೇಳಿದ್ನಿ? ವೆಬ್‌ಸೈಟಿನ್ಯಾಗ ನೋಡೀನಿ ಅಂದ್ನೋ ಇಲ್ಲೋ? ಐತಲ್ಲ? ಹಿರೇರು ಅನ್ನೂದಿಲ್ಲ, ಕಿರೇರು ಅನ್ನೂದಿಲ್ಲ, ಬಾಯಿಗೆ ಬಂದಂಗ ಕಳ್ಳ ಅಂತಾಳ ಈಕಿ!”

“ಮೇಡಂ, ನೀವು ವರಾ ನೋಡೂದ ಚಲೋ,” ಎಂದು ಮಲ್ಲಿನಾಥ ಕಾಗದ ಮಡಚಿದ. “ಜೀಪ್ ಚಾಲೂ ಮಾಡ್ರೋ!”

ಇಂಜಿನ್ನು ಗುರ್ರೆಂದಿತು. ಶಾಂಭವಿ ಅಕೀಬನ ನಂಬರು ಒತ್ತಿದಳು.

“ಅಕೀಬ! ಆ ಪುಟಾ ಹೊರಗ ಹೆಂಗ ಹೋತು?”

“ಯಾವ ಪುಟಾರಿ? ನಾ ಏನೂ ಮುಟ್ಟಿಲ್ಲ. ನಮಾಜಿಗೆ ಹೋಗಿ ಈಗ ಬರಾಕತ್ತೀನಿ. ಅಂಗಡ್ಯಾಗ ಆಮ್ರಪಾಲಿ ಅಕ್ಕಾರ ಒಬ್ರ ಅದಾರ.”

ಅಷ್ಟರಲ್ಲಿ ಇನ್ನೊಂದು ಕರೆ ಬಂತು. ಶಾಂಭವಿ ಅದನ್ನು ಎತ್ತಿಕೊಂಡಳು.

“ಮೇಡಂ!” ಆಮ್ರಪಾಲಿಯ ದನಿಯಲ್ಲಿ ಅಳುವಿತ್ತು, ಅದಕ್ಕಿಂತ ಹೆಚ್ಚು ಹಿಗ್ಗಿತ್ತು. “ನಾನ ಹಾಕೀನ್ರಿ! ಆ ಡ್ರಾಫ್ಟ್ ಅನ್ನೂ ಪದಾ ಅಳಿಸಿ ಕಳಿಸಿಬಿಟ್ಟೆ. ಅಣ್ಣನ ಖಾತೆ ಹಂಗ ತೆರದಿತ್ತು. ಈಗ ನನ್ನ ಮೊಬೈಲಿನ್ಯಾಗೂ ಕಾಣಾಕತ್ತೈತಿ!”

“ಆಮ್ರಪಾಲಿ... ಯಾಕವ್ವಾ...”

“ನಮ್ಮಂತವರ ಸಾಕ್ಷಿ ಸ್ಟೇಶನ್ನಿನ್ಯಾಗ ಇಟ್ರ ಕಳೀತೈತ್ರಿ ಮೇಡಂ. ನಮ್ಮಪ್ಪನ ಕಾಲದಾಗಿಂದ ನೋಡೀನಿ. ಇದನ್ನ ಊರ ಮಂದಿ ಎಲ್ಲಾ ನೋಡ್ಲಿ ಅಂತ ಹಾಕಿದ್ನಿ. ಈಗ ಯಾರೂ ಮುಚ್ಚಿಹಾಕಾಕ ಆಗಂಗಿಲ್ಲ.”

ಶಾಂಭವಿ ಕಣ್ಣು ಮುಚ್ಚಿದಳು. ಊರಿಗೆ ಕಾಣದೆ ಇದ್ದದ್ದೇ ಆ ಪುಟದ ಬಲವಾಗಿತ್ತು ಎಂದು ಈ ಹುಡುಗಿಗೆ ಯಾರು ಹೇಳಿದ್ದರು? ಹೇಳಬೇಕಾದವಳು ತಾನು. ಹೇಳದೆ ಓಡಿ ಬಂದಿದ್ದಳು.

ಪುಟ ಯಾವಾಗ ಮೇಲೇರಿತು, ಯಾರ ಖಾತೆಯಿಂದ ಏರಿತು ಎಂಬುದೆಲ್ಲ ನೆಟ್ಟಿನಲ್ಲಿ ಅಳಿಯದೆ ಉಳಿದಿರುತ್ತದೆ. ತೆಗೆಸಿದರೆ ಇವತ್ತು ಮಧ್ಯಾಹ್ನವೇ ಏರಿದ್ದು ಎಂದು ಸಾಬೀತಾಗುತ್ತದೆ. ಸಾವ್ಕಾರರ ಸುಳ್ಳು ಬಯಲಾಗುತ್ತದೆ. ಆದರೆ ಖಾತೆ ರಾಜಾರಾಮನದು. ಅವನು ಕೂತಿರುವುದು ಪೊಲೀಸ್ ಜೀಪಿನಲ್ಲಿ. ಹಾಗಾದರೆ ಕೀಲಿ ಒತ್ತಿದ ಕೈ ಯಾರದು ಎಂದು ಕೇಳದೆ ಬಿಡುತ್ತಾರೆಯೇ? ಆರೋಪಿಯ ತಂಗಿ ಸಾಕ್ಷಿ ತಿದ್ದಿದಳು ಎನ್ನುತ್ತಾರೆ. ಸಾವ್ಕಾರರ ವಕೀಲ ಇನ್ನೂ ಮುಂದೆ ಹೋಗಿ, ಹಾರವನ್ನೂ ಅವಳೇ ಹಾಕಿದ್ದು ಎನ್ನುತ್ತಾನೆ. ಅಣ್ಣನನ್ನು ಬಿಡಿಸಬೇಕಾದರೆ ತಂಗಿಯನ್ನು ಒಪ್ಪಿಸಬೇಕು.

ಮಲ್ಲಿನಾಥ ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ತಿರುಗಿದ. ಶಾಂಭವಿಯ ಮುಖದ ಬಣ್ಣ ಅವನಿಗೂ ಕಂಡಿರಬೇಕು. ಇಳಿದು ಹತ್ತಿರ ಬಂದ.

“ಮೇಡಂ, ಖರೇನ ಹೇಳ್ರಿ. ಆ ಪುಟಾ ಇವತ್ತ ಯಾರೋ ಹಾಕ್ಯಾರ ಅಂತೀರೇನು?”

ಅವಳು ಜೀಪಿನ ಕಡೆ ನೋಡಿದಳು.

“ಹಂಗಿದ್ರ ಹಾಕಿದವರ ಹೆಸರ ಹೇಳ್ರಿ. ಹೆಸರ ಕೊಟ್ರ ಜೀಪ ಇಲ್ಲೇ ನಿಂದರಸ್ತೀನಿ. ಇಲ್ಲಂದ್ರ ನಾ ಹೊಂಟೆ, ಜಡ್ಜ್ ಸಾಹೇಬ್ರು ಕಾಯಂಗಿಲ್ಲ.”

ಜೀಪಿನ ಹಿಂದಿನ ಸೀಟಿನಿಂದ ರಾಜಾರಾಮ ಅವಳನ್ನೇ ನೋಡುತ್ತಿದ್ದ. ಕಿವಿಗೆ ಒತ್ತಿ ಹಿಡಿದ ಫೋನಿನಲ್ಲಿ ಆಮ್ರಪಾಲಿ ಇನ್ನೂ ಇದ್ದಳು.

“ಮೇಡಂ, ಕೇಳಸಾಕತ್ತೈತೇನ್ರಿ? ನಮ್ಮ ಅಣ್ಣನ್ನ ಬಿಟ್ರೇನ್ರಿ?”